ಐದು ತಿಂಗಳು ಮಗಳ ಮನೆ, ಏಳು ತಿಂಗಳು ತೋಟ: ಎರಡೂ ಕಡೆ ಫೋನ್ ಖರ್ಚು ಕಡಿಮೆ ಮಾಡುವುದು ಹೇಗೆ?

ತೋಟದಂಚು (ತೀರ್ಥಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನೂ ನಮ್ಮನೆಯವರೂ ಪ್ರತಿ ವರ್ಷ ಏಪ್ರಿಲ್ ಕೊನೆಗೆ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿ, ಅಡಿಕೆ ಕೊಯ್ಲು ಶುರುವಾಗುವ ಮೊದಲೇ, ಸೆಪ್ಟೆಂಬರ್ ಕೊನೆಗೆ ವಾಪಸ್ ಬರುತ್ತೇವೆ. ಇನ್ನು ಮುಂದೆಯೂ ಇದೇ ಕ್ರಮ. ಹಾಗಾಗಿ ಒಂದು ಸಲದ ಪ್ರವಾಸಕ್ಕೆ ಹೇಳುವ ಉಪಾಯ ಸಾಲದು, ವರ್ಷವರ್ಷವೂ ನಡೆಯುವ ಏರ್ಪಾಡು ಬೇಕು.

ಬ್ಯಾಂಕು, ಆಧಾರ್, ಗ್ಯಾಸ್, ಮೆಸ್ಕಾಂ (ಕರೆಂಟ್ ಕಂಪನಿ), ಮಾಮ್ಕೋಸ್ (ಅಡಿಕೆ ಮಾರುವ ಸಹಕಾರ ಸಂಘ) ಎಲ್ಲಕ್ಕೂ ಕೊಟ್ಟಿರುವುದು ನನ್ನ ಇಲ್ಲಿನ ನಂಬರ್. ಅದಕ್ಕೆ ಬರುವ ಓಟಿಪಿ ಅಲ್ಲಿಯೂ ಸಿಗಬೇಕು. ಜೂನ್, ಜುಲೈನಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಹೊತ್ತಿಗೆ ತೋಟದ ಕೆಲಸದವರ ಜೊತೆ ದಿನಾ ಮಾತಾಡಬೇಕು, ಅವರ ಹತ್ತಿರ ಇರುವುದು ಕೀಪ್ಯಾಡ್ ಫೋನ್, ವಾಟ್ಸಾಪ್ ಇಲ್ಲ. ಅಲ್ಲಿನ ಕ್ಲಿನಿಕ್, ಔಷಧಿ ಅಂಗಡಿಗೆ ಕೊಡಲು ಅಲ್ಲಿನದೇ ಒಂದು ನಂಬರೂ ಬೇಕು. ಐದು ತಿಂಗಳು ರೋಮಿಂಗ್ ಪ್ಯಾಕ್ ಹಾಕಿಸುತ್ತಾ ಹೋಗುವುದು ಆಗದ ಮಾತು.

ನನ್ನದು ಶಿವಮೊಗ್ಗದಲ್ಲಿ ಕೊಂಡ ಹದಿನೈದು ಸಾವಿರದ ಆಂಡ್ರಾಯ್ಡ್, ಎರಡು ಸಿಮ್ ಹಾಕಬಹುದು. ನಮ್ಮನೆಯವರದು ಮಗಳು ಬಳಸಿ ಕೊಟ್ಟ ಐಫೋನ್ 13. ಮನೆಯಲ್ಲಿ ಸಿಗ್ನಲ್ ಇಲ್ಲ, ತೋಟದ ಮೇಲಿನ ದಿಬ್ಬಕ್ಕೆ ಹೋಗಬೇಕು. ಬಿಎಸ್ಸೆನ್ನೆಲ್ ಫೈಬರ್ ಇದೆ. ತಿಳಿದವರು ಹೇಳಿ.

ದುರ್ಗಿಗುಡಿ (ಶಿವಮೊಗ್ಗ)

ಅಕ್ಕ, ಇಲ್ಲಿನ ನಂಬರ್ ಅಲ್ಲಿ ಮಾತಾಡಲು ಅಲ್ಲ, ಮೆಸೇಜ್ ಬರಲು ಮಾತ್ರ. ಮಾತು, ಇಂಟರ್ನೆಟ್ ಎಲ್ಲ ಅಲ್ಲಿನ ಸಿಮ್‌ನಲ್ಲಿ. ಹೀಗೆ ಕೆಲಸ ಹಂಚಿಬಿಟ್ಟರೆ ರೋಮಿಂಗ್ ಪ್ಯಾಕೇ ಬೇಡ. ವಿದೇಶದಲ್ಲಿ ರೋಮಿಂಗ್‌ನಲ್ಲಿರುವಾಗ ಒಳಬರುವ ಎಸ್ಸೆಮ್ಮೆಸ್‌ಗೆ ಏರ್‌ಟೆಲ್, ಜಿಯೋ, ವಿ (ವೊಡಾಫೋನ್ ಐಡಿಯಾ) ಯಾವುದರಲ್ಲೂ ದುಡ್ಡು ಹಿಡಿಯುವುದಿಲ್ಲ. ದುಡ್ಡು ಹೋಗುವುದು ಕರೆ ಎತ್ತಿದರೆ, ಎಸ್ಸೆಮ್ಮೆಸ್ ಕಳಿಸಿದರೆ, ಡೇಟಾ ತೆರೆದರೆ. ಈ ಮೂರನ್ನೂ ಮಾಡದಿದ್ದರೆ ಸಿಮ್ ಸುಮ್ಮನೆ ಓಟಿಪಿ ಹಿಡಿದುಕೊಡುತ್ತಾ ಇರುತ್ತದೆ.

ಅದಕ್ಕೆ ಎರಡು ಷರತ್ತು. ಒಂದು, ಹೊರಡುವ ಮೊದಲೇ ಕಂಪನಿಯ ಆಪ್‌ನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಚಾಲೂ ಮಾಡಿರಬೇಕು. ಫೋನಿನ ಸೆಟ್ಟಿಂಗ್‌ನಲ್ಲಿರುವ ಡೇಟಾ ರೋಮಿಂಗ್ ಬೇರೆ, ಇದು ಬೇರೆ. ಎಲ್ಲರೂ ಎಡವುವುದು ಇಲ್ಲೇ: ಎರಡೂ ಒಂದೇ ಎಂದುಕೊಂಡು ಎರಡನ್ನೂ ಬಂದ್ ಮಾಡುತ್ತಾರೆ, ಆಮೇಲೆ ಅಲ್ಲಿ ಇಳಿದರೆ ‘ನೋ ಸರ್ವಿಸ್’. ಸೇವೆ ಆನ್, ಡೇಟಾ ರೋಮಿಂಗ್ ಆಫ್ ಇರಬೇಕು. ನಿಮ್ಮ ಕಂಪನಿಯ ಪ್ರಿಪೇಯ್ಡ್‌ಗೆ ಅಮೆರಿಕದಲ್ಲಿ ರೋಮಿಂಗ್ ಇದೆಯೇ ಎಂಬುದನ್ನೂ ಇಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ಎರಡು, ಪ್ಲಾನಿನ ವ್ಯಾಲಿಡಿಟಿ. ಡೇಟಾ ಬೇಡದವರಿಗೂ ಡೇಟಾ ಸೇರಿಸಿ ಮಾರುತ್ತಿದ್ದ ಕಾಲ ಈಗ ಇಲ್ಲ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮ ತಿದ್ದಿ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ವೋಚರ್ ಕೊಡಲೇಬೇಕು ಎಂದಿತು, ಅಂಥ ವೋಚರ್‌ನ ಗರಿಷ್ಠ ಅವಧಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು. 2025ರ ಆರಂಭದಲ್ಲಿ ಏರ್‌ಟೆಲ್‌ನಲ್ಲಿ ಇದು 1,849 ರೂಪಾಯಿಗೆ 365 ದಿನ, ಜಿಯೋದಲ್ಲಿ 1,748 ರೂಪಾಯಿಗೆ 336 ದಿನ ಇತ್ತು. ದಿನಕ್ಕೆ ಐದು ರೂಪಾಯಿಯ ಲೆಕ್ಕ. ದರ ಆಗಾಗ ಬದಲಾಗುತ್ತದೆ, ಆಪ್‌ನಲ್ಲಿ ನೋಡಿಯೇ ಹಾಕಿಸಿ. ಇವು ಆಪ್ ಮೊದಲಿಗೇ ತೋರಿಸುವ ಪ್ಲಾನ್‌ಗಳಲ್ಲ, ಪಟ್ಟಿಯ ಕೊನೆಗೆ ಇಳಿದು ಹುಡುಕಬೇಕು.

336 ದಿನದ್ದು ಹಾಕಿಸುವವರು ತಾರೀಕು ಎಣಿಸಬೇಕು. ಪ್ರತಿ ಸಲ 29 ದಿನ ಹಿಂದೆ ಸರಿಯುತ್ತಾ ಬಂದು, ಯಾವುದೋ ಒಂದು ವರ್ಷ ನೀವು ಅಲ್ಲಿರುವಾಗಲೇ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಹೊರಡುವ ವಾರವೇ ಹಾಕಿಸಿದರೆ ಆ ಚಿಂತೆ ಇಲ್ಲ. ಅಲ್ಲಿರುವಾಗ ಮುಗಿದರೆ ವಿದೇಶಿ ಕಾರ್ಡ್ ಅನೇಕ ಸಲ ಇಲ್ಲಿನ ರೀಚಾರ್ಜ್ ಪುಟದಲ್ಲಿ ನಡೆಯುವುದಿಲ್ಲ, ಊರಿನಲ್ಲಿರುವ ಯಾರಿಗಾದರೂ ಹೇಳಿ ಹಾಕಿಸಬೇಕಾಗುತ್ತದೆ.

ವ್ಯಾಲಿಡಿಟಿ ಮುಗಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಆಮೇಲೆ ಒಳಬರುವುದೂ. 90 ದಿನ ಬಳಕೆಯೇ ಇಲ್ಲದ ಪ್ರಿಪೇಯ್ಡ್ ನಂಬರನ್ನು ಕಂಪನಿ ವಾಪಸ್ ತೆಗೆದುಕೊಳ್ಳಬಹುದು, ಕೆಲಕಾಲದ ನಂತರ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಬ್ಯಾಂಕಿನ ಮೆಸೇಜು ಯಾರದೋ ಜೇಬಿಗೆ ಬೀಳುತ್ತದೆ. 2025ರ ಏಪ್ರಿಲ್ 1ರಿಂದ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಸೂಚನೆಯಂತೆ ಬ್ಯಾಂಕುಗಳು ಹೀಗೆ ರದ್ದಾದ ನಂಬರ್‌ಗಳನ್ನು ಯುಪಿಐನಿಂದ ತೆಗೆಯುತ್ತಿವೆ. ಬಳಕೆ ಎಂದರೆ ಕರೆ, ಹೊರಹೋಗುವ ಎಸ್ಸೆಮ್ಮೆಸ್, ಡೇಟಾ. ಬರುವ ಓಟಿಪಿ ಬಳಕೆಯ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಐದು ತಿಂಗಳಲ್ಲಿ ಒಂದು ಸಲ, 80 ದಿನದ ಹೊತ್ತಿಗೆ, ಮಗಳ ಫೋನಿನಿಂದ ನಿಮ್ಮ ಇಲ್ಲಿನ ನಂಬರ್‌ಗೆ ಕರೆ ಮಾಡಿಸಿ ಅರ್ಧ ನಿಮಿಷ ಎತ್ತಿ ಇಡಿ. ಅದಕ್ಕೆ ಮೇನ್ ಬ್ಯಾಲೆನ್ಸಿನಲ್ಲಿ ಇನ್ನೂರು ಮುನ್ನೂರು ರೂಪಾಯಿ ಇರಲಿ. ಬ್ಯಾಲೆನ್ಸ್ 20 ರೂಪಾಯಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದೂ ಒಂದು ಕಾಪು; ಅಷ್ಟಿದ್ದರೆ ಬರೀ ಬಳಕೆ ಇಲ್ಲ ಎಂಬ ಕಾರಣಕ್ಕೆ ನಂಬರ್ ತೆಗೆಯುವಂತಿಲ್ಲ ಎಂದು ಟ್ರಾಯ್ ನಿಯಮವೇ ಇದೆ.

ದುಡ್ಡು ಸೋರುವ ಸಣ್ಣ ತೂತುಗಳು ಬೇರೆ ಇವೆ. ‘ಎತ್ತದಿದ್ದರೆ ಈ ನಂಬರ್‌ಗೆ ಕಳಿಸು’ ಎಂಬ ಕಾಲ್ ಫಾರ್ವರ್ಡ್ ಇದ್ದರೆ, ಕರೆ ಭಾರತದಿಂದ ಅಮೆರಿಕಕ್ಕೆ ಬಂದು, ನೀವು ಎತ್ತದೆ, ಮತ್ತೆ ಭಾರತಕ್ಕೆ ಹೋಗುತ್ತದೆ; ಎರಡೂ ಕಡೆಯ ದುಡ್ಡು ನಿಮ್ಮದೇ. ಹೊರಡುವ ಮುಂಚೆ ##002# ಒತ್ತಿ ಎಲ್ಲ ಫಾರ್ವರ್ಡ್ ತೆಗೆಯಿರಿ. ಐಫೋನಿನಲ್ಲಿ ಇನ್ನೊಂದಿದೆ. ಹೊಸ ಸಿಮ್ ಹಾಕಿದ ತಕ್ಷಣ ಐಮೆಸೇಜ್, ಫೇಸ್‌ಟೈಮ್ ತಾವಾಗಿಯೇ ನಿಮಗೆ ಕಾಣದಂತೆ ಒಂದು ಅಂತರರಾಷ್ಟ್ರೀಯ ಎಸ್ಸೆಮ್ಮೆಸ್ ಕಳಿಸುತ್ತವೆ, ಅದಕ್ಕೆ ರೋಮಿಂಗ್ ದರ ಬೀಳುತ್ತದೆ. ಸಿಮ್ ಬದಲಿಸುವ ಮೊದಲು ಎರಡನ್ನೂ ಆಫ್ ಮಾಡಿ. ವಿಮಾನದಲ್ಲಿ ಏರ್‌ಪ್ಲೇನ್ ಮೋಡ್ ತೆಗೆಯಬೇಡಿ. ಕೆಲವು ವಿಮಾನಗಳಲ್ಲಿ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಅದರ ದರ ನೆಲದ ರೋಮಿಂಗ್‌ಗಿಂತ ಬಹಳ ಮೇಲೆ.

ಯುಪಿಐ ಮತ್ತು ಬ್ಯಾಂಕ್ ಆಪ್ ಬಗ್ಗೆ ಒಂದು ಮಾತು. ಇವು ನೋಂದಣಿ ಆಗುವಾಗ ನಿಮ್ಮ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗುತ್ತದೆ. ಅಲ್ಲಿಂದ ಅದು ಹೋಗುವುದೇ ಕಷ್ಟ, ಹೋದರೂ ದುಡ್ಡು. ಹಾಗಾಗಿ ಅಲ್ಲಿ ಫೋನ್ ಬದಲಿಸುವುದು, ರೀಸೆಟ್ ಮಾಡುವುದು, ಆಪ್ ತೆಗೆದು ಮತ್ತೆ ಹಾಕುವುದು ಯಾವುದೂ ಬೇಡ. ಹೊಸ ಫೋನ್ ಬೇಕಿದ್ದರೆ ಇಲ್ಲೇ, ಹೊರಡಲು ಹದಿನೈದು ದಿನ ಇರುವಾಗ. ಬ್ಯಾಂಕಿಗೆ ಹೋಗಿ ಇಮೇಲ್‌ಗೂ ಓಟಿಪಿ ಬರುವಂತೆ ಬರೆದುಕೊಡಿ, ಎಲ್ಲ ಬ್ಯಾಂಕಿನಲ್ಲಿ ಆಗದಿದ್ದರೂ ಆಗುವಲ್ಲಿ ದೊಡ್ಡ ಉಪಕಾರ.

ಕಂಪನಿ ಬದಲಿಸಬೇಕು ಎಂದಾದರೆ ಫೆಬ್ರವರಿ, ಮಾರ್ಚಿನಲ್ಲೇ ಪೋರ್ಟ್ (ನಂಬರ್ ಅದೇ, ಕಂಪನಿ ಬೇರೆ) ಮಾಡಿಸಿ. ‘ಪೋರ್ಟ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಕಳಿಸಿದರೆ ಕೋಡ್ ಬರುತ್ತದೆ, ಕರ್ನಾಟಕದಲ್ಲಿ ಅದು 4 ದಿನ ಚಾಲ್ತಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಸಿಮ್ ಕಳೆದು ಡೂಪ್ಲಿಕೇಟ್ ತೆಗೆಸಿದ್ದರೆ 7 ದಿನ ಪೋರ್ಟ್ ಆಗುವುದಿಲ್ಲ, ಡೂಪ್ಲಿಕೇಟ್ ಸಿಮ್‌ನಲ್ಲಿ ಮೊದಲ 24 ಗಂಟೆ ಎಸ್ಸೆಮ್ಮೆಸ್ಸೂ ಬರುವುದಿಲ್ಲ. ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಅಂಗಡಿಗೆ ಓಡಬಾರದು ಎನ್ನುವುದು ಇದಕ್ಕೇ.

ಕಾಡುಹಾದಿ (ಕೊಪ್ಪ, ಈಗ ಎಡಿಸನ್)

ದುರ್ಗಿಗುಡಿಯವರು ಇಲ್ಲಿನ ಕಡೆಯದನ್ನು ಪೂರ್ತಿ ಹೇಳಿದ್ದಾರೆ, ನಾನು ಈಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ, ಅಮೆರಿಕದ ಕಡೆಯದು ಹೇಳುತ್ತೇನೆ. ನಿಮ್ಮ ಹಾಗೆಯೇ ‘ಇಲ್ಲಿ’ ಎಂದರೆ ಊರು, ‘ಅಲ್ಲಿ’ ಎಂದರೆ ಅಮೆರಿಕ.

ಅಮೆರಿಕದ ದೊಡ್ಡ ಕಂಪನಿಗಳ ನೇರ ಪ್ಲಾನ್ ನಿಮಗೆ ಬೇಡ. ಅದೇ ಟವರ್ ಬಾಡಿಗೆಗೆ ಹಿಡಿದು ಅಗ್ಗಕ್ಕೆ ಕೊಡುವ ಸಣ್ಣ ಪ್ರಿಪೇಯ್ಡ್ ಕಂಪನಿಗಳಿವೆ. ನಿಮ್ಮ ಅಗತ್ಯಕ್ಕೆ ಹತ್ತಿರದ್ದು ಟೆಲ್ಲೋ, ಟಿ-ಮೊಬೈಲ್ ಟವರ್ ಮೇಲೆ ನಡೆಯುತ್ತದೆ. ಒಪ್ಪಂದ ಇಲ್ಲ, ತಿಂಗಳು ತಿಂಗಳು ಪ್ಲಾನ್ ಬದಲಿಸಬಹುದು. 5 ಡಾಲರ್‌ಗೆ ನೂರು ನಿಮಿಷ, 10 ಡಾಲರ್ ಆಸುಪಾಸಿಗೆ ಎಷ್ಟು ಬೇಕಾದರೂ ಮಾತು, ಜೊತೆಗೆ ಸ್ವಲ್ಪ ಡೇಟಾ. ಮುಖ್ಯವಾದದ್ದು, ಅದೇ ನಿಮಿಷಗಳಲ್ಲಿ ಭಾರತವೂ ಸೇರಿ ಅರವತ್ತಕ್ಕೂ ಹೆಚ್ಚು ದೇಶಗಳ ಫೋನಿಗೆ ಕರೆ ಮಾಡಬಹುದು. ನಿಮ್ಮ ತೋಟದ ಕೆಲಸದವರ ಕೀಪ್ಯಾಡ್ ಫೋನಿಗೆ ಇದೇ ದಾರಿ. ಮೊದಲು ಎಷ್ಟೋ ಮನೆಯವರು ಸ್ಕೈಪ್‌ನಲ್ಲಿ ದುಡ್ಡು ಹಾಕಿ ಊರಿಗೆ ಕರೆ ಮಾಡುತ್ತಿದ್ದರು, 2025ರ ಮೇ 5ಕ್ಕೆ ಅದು ಮುಚ್ಚಿತು. ಬೇಸಿಗೆಯಲ್ಲಿ ನ್ಯೂಜೆರ್ಸಿ ಭಾರತಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಇಲ್ಲಿ ಕೆಲಸದವರು ತೋಟಕ್ಕೆ ಇಳಿಯುವ ಬೆಳಿಗ್ಗೆ ಎಂಟಕ್ಕೆ ನಿಮಗೆ ರಾತ್ರಿ ಹತ್ತೂವರೆ.

ಆದರೆ ಇದೆಲ್ಲಕ್ಕಿಂತ ಮೊದಲು ನೋಡಬೇಕಾದ್ದು ಫೋನು. ಅಮೆರಿಕದಲ್ಲಿ 3ಜಿ 2022ರಲ್ಲೇ ಮುಗಿಯಿತು, ಈಗ ಕರೆಯೂ 4ಜಿ ಮೇಲೆಯೇ ಹೋಗಬೇಕು. ನಮ್ಮಲ್ಲಿ ಮಾರುವ ಹದಿನೈದು ಸಾವಿರದ ಫೋನುಗಳಲ್ಲಿ ಇರುವುದು ಮುಖ್ಯವಾಗಿ 1, 3, 5, 8, 40, 41ನೇ ಬ್ಯಾಂಡ್ (ಟವರ್ ಮತ್ತು ಫೋನಿನ ನಡುವಿನ ರೇಡಿಯೋ ತರಂಗದ ಪಟ್ಟಿ). ಟಿ-ಮೊಬೈಲ್‌ನ 4ಜಿಗೆ ಬೇಕಾದ್ದು 2, 4, 66, 12, 71. ಇದರಲ್ಲಿ 12 ಮತ್ತು 71 ದೂರಕ್ಕೂ ಗೋಡೆಯೊಳಕ್ಕೂ ಹೋಗುವ ಬ್ಯಾಂಡ್‌ಗಳು. ಅವು ಇಲ್ಲದ ಫೋನಿನಲ್ಲಿ ರಸ್ತೆಯಲ್ಲಿ ಮೂರು ಕಡ್ಡಿ ಕಾಣುತ್ತದೆ, ಮನೆಯ ನೆಲಮಾಳಿಗೆಗೆ ಇಳಿದರೆ ಸೊನ್ನೆ. ಫೋನಿನ ಪೆಟ್ಟಿಗೆ ಮೇಲೆ ಅಥವಾ ಕಂಪನಿಯ ಪುಟದಲ್ಲಿ ನಿಮ್ಮ ಮಾದರಿ ಸಂಖ್ಯೆಯ ಬ್ಯಾಂಡ್ ಪಟ್ಟಿ ನೋಡಿ. *#06# ಒತ್ತಿದರೆ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬರುತ್ತದೆ, ಅದನ್ನು ಸಿಮ್ ಕಂಪನಿಯ ಪುಟದಲ್ಲಿ ಹಾಕಿದರೆ ನಡೆಯುತ್ತದೋ ಇಲ್ಲವೋ ಹೇಳುತ್ತದೆ. ಅದೇ ಪರದೆಯಲ್ಲಿ ಇಐಡಿ ಎಂಬ ಉದ್ದ ಸಂಖ್ಯೆಯೂ ಕಂಡರೆ ಫೋನಿಗೆ ಇ-ಸಿಮ್ (ಟ್ರೇಗೆ ಹಾಕದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಹಾಕಬಹುದು ಎಂದರ್ಥ.

ಒಂದು ವಿಷಯ ಬಹಳ ಜನ ಮರೆಯುತ್ತಾರೆ: ನಿಮ್ಮ ಇಲ್ಲಿನ ಸಿಮ್ ರೋಮಿಂಗ್‌ನಲ್ಲಿ ಹಿಡಿಯುವುದೂ ಅಲ್ಲಿನ ಟವರನ್ನೇ. ಬ್ಯಾಂಡ್ ಇಲ್ಲದಿದ್ದರೆ ಓಟಿಪಿಯೂ ಬರುವುದಿಲ್ಲ, ಮನೆಯ ವೈಫೈ ಎಷ್ಟು ಜೋರಿದ್ದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ನಿಮ್ಮ ಆಂಡ್ರಾಯ್ಡ್ ಹಾಗಿದೆ ಎಂದು ಗೊತ್ತಾದರೆ, ಅಲ್ಲಿ ಒಂದು ಬಳಸಿದ ಅನ್‌ಲಾಕ್ಡ್ (ಯಾವ ಕಂಪನಿಯ ಸಿಮ್ ಆದರೂ ನಡೆಯುವ) ಫೋನ್ ಕೊಂಡು ಮಗಳ ಮನೆಯಲ್ಲೇ ಇಟ್ಟುಬಿಡಿ. ಪ್ರತಿ ವರ್ಷ ಹೋಗುವವರಿಗೆ ಅದು ದಂಡವಲ್ಲ. ಇಲ್ಲಿನ ಸಿಮ್ ಅದಕ್ಕೆ ಹಾಕಿ, ಬ್ಯಾಂಕ್ ಕೆಲಸ ಬ್ರೌಸರ್‌ನಲ್ಲಿ ಮಾಡಿ. ಸಿಮ್ ತೆಗೆದ ಆಂಡ್ರಾಯ್ಡ್‌ನಲ್ಲಿ ಯುಪಿಐ ಆಪ್ ತೆರೆಯಲು ಹೋಗಬೇಡಿ, ಸಿಮ್ ಕಾಣದೆ ಲಾಗೌಟ್ ಆದೀತು.

ನಿಮ್ಮನೆಯವರ ಐಫೋನ್ 13 ಅಮೆರಿಕದ್ದೇ ಆದ್ದರಿಂದ ಬ್ಯಾಂಡ್ ತೊಂದರೆ ಇಲ್ಲ. ಲಾಕ್ ಇದೆಯೇ ನೋಡಿ: ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋದರೆ ‘ಕ್ಯಾರಿಯರ್ ಲಾಕ್’ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿರಬೇಕು. ಇಲ್ಲಿನ ಸಿಮ್ ಟ್ರೇಯಲ್ಲಿ ಹಾಗೇ ಇರಲಿ, ಅಲ್ಲಿನದನ್ನು ಇ-ಸಿಮ್ ಆಗಿ ಹಾಕಿ. ಕ್ಯೂಆರ್ ಕೋಡನ್ನು ಮಗಳ ಲ್ಯಾಪ್‌ಟಾಪಿನಲ್ಲಿ ತೆರೆದು ಇದರಿಂದ ಸ್ಕ್ಯಾನ್ ಮಾಡಬೇಕು. ಅದೇ ಫೋನಿಗೆ ಬಂದ ಇಮೇಲ್ ತೋರಿಸಿ ಅದೇ ಫೋನಿನಿಂದ ಸ್ಕ್ಯಾನ್ ಮಾಡಲು ಆಗದೆ ಒದ್ದಾಡುವವರು ಬಹಳ. ಆಮೇಲೆ ಡೇಟಾ, ಕರೆ ಎರಡನ್ನೂ ಅಮೆರಿಕದ ಸಿಮ್‌ಗೆ ಕೊಟ್ಟು, ‘ಅಲೋ ಸೆಲ್ಯುಲಾರ್ ಡೇಟಾ ಸ್ವಿಚಿಂಗ್’ ಆಫ್ ಮಾಡಿ. ಇದು ಆನ್ ಇದ್ದರೆ, ಅಮೆರಿಕದ ಸಿಗ್ನಲ್ ಕುಂದಿದಾಗ ಫೋನು ಇಲ್ಲಿನ ಸಿಮ್‌ನ ಡೇಟಾಕ್ಕೆ ಹಾರುತ್ತದೆ. ಆಂಡ್ರಾಯ್ಡ್‌ನಲ್ಲೂ ಆಟೊ ಡೇಟಾ ಸ್ವಿಚ್ ಎಂದು ಇರುತ್ತದೆ. ವಾಪಸ್ ಬರುವಾಗ ಇ-ಸಿಮ್ ಅಳಿಸಬೇಡಿ, ಆಫ್ ಮಾಡಿದರೆ ಸಾಕು. ಅಳಿಸಿದರೆ ಮತ್ತೆ ಹೊಸದಾಗಿ ಕೇಳಿ ತರಿಸಿಕೊಳ್ಳಬೇಕು.

ವಾಟ್ಸಾಪ್ ಇಲ್ಲಿನ ನಂಬರ್‌ನಲ್ಲೇ ಇರಲಿ. ಹೊಸ ಸಿಮ್ ಕಂಡು ನಂಬರ್ ಬದಲಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ. ನೋಂದಾಯಿಸಿದ ಸಿಮ್ ಫೋನಿನಲ್ಲೇ ಇರಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ಇಂಥ ಆಪ್‌ಗಳಿಗೆ ನಿರ್ದೇಶನ ಕೊಟ್ಟಿದೆ. ಇಲ್ಲಿನ ಸಿಮ್ ತೆಗೆದು ಪರ್ಸಿನಲ್ಲಿ ಇಡುವ ಅಭ್ಯಾಸ ಬಿಡಲು ಇದೂ ಒಂದು ಕಾರಣ.

ಇನ್ನು ಏಳು ತಿಂಗಳು ಇಲ್ಲದಾಗ ಆ ನಂಬರ್ ಇಟ್ಟುಕೊಳ್ಳಬೇಕೇ? 5 ಡಾಲರ್‌ನಂತೆ ಏಳು ತಿಂಗಳಿಗೆ 35 ಡಾಲರ್. ಗೂಗಲ್ ವಾಯ್ಸ್ ಎಂಬ ಗೂಗಲ್‌ನ ಇಂಟರ್ನೆಟ್ ಫೋನ್ ಸೇವೆಗೆ ಪೋರ್ಟ್ ಮಾಡಿದರೆ ಒಂದೇ ಸಲ 20 ಡಾಲರ್, ಆಮೇಲೆ ನಂಬರ್ ಸಿಮ್ ಇಲ್ಲದೆ ಆಪ್‌ನಲ್ಲೇ ಇರುತ್ತದೆ, ಕರೆ, ಮೆಸೇಜ್ ಇಂಟರ್ನೆಟ್ ಮೇಲೆ ಬರುತ್ತವೆ. ಪೋರ್ಟ್ ಮುಗಿಯುವ ತನಕ ಹಳೆಯ ಪ್ಲಾನ್ ಬಂದ್ ಮಾಡಬಾರದು, ಮಾಡಿದರೆ ನಂಬರ್ ಹೋದಂತೆಯೇ. ಅಲ್ಲಿನ ಕೆಲವು ಬ್ಯಾಂಕುಗಳ ಓಟಿಪಿ ಇಂಥ ಇಂಟರ್ನೆಟ್ ನಂಬರ್‌ಗೆ ಬರುವುದಿಲ್ಲ ಎಂಬುದು ಇದರ ಕೊರತೆ. ನಿಮಗೆ ಅಲ್ಲಿ ಬ್ಯಾಂಕ್ ಖಾತೆ ಇಲ್ಲವಾದರೆ ಗೂಗಲ್ ವಾಯ್ಸ್ ಸರಿ. ನಿಮ್ಮನೆಯವರಿಗೆ ನಂಬರ್ ಉಳಿಸಿಕೊಳ್ಳುವ ಅಗತ್ಯವೇ ಕಾಣುವುದಿಲ್ಲ, ಪ್ರತಿ ವರ್ಷ ಹೊಸದು ತೆಗೆದುಕೊಂಡರೂ ನಡೆಯುತ್ತದೆ.

ಹಿನ್ನೀರು (ಸಾಗರ)

ಇಷ್ಟೆಲ್ಲ ಯಾಕೆ? ಒಂದು ಹಳೆಯ ಫೋನಿಗೆ ಸಿಮ್ ಹಾಕಿ ಶಿವಮೊಗ್ಗದಲ್ಲಿ ಯಾರದಾದರೂ ಮನೆಯಲ್ಲಿ ಚಾರ್ಜಿಗೆ ಇಟ್ಟು, ಬಂದ ಎಸ್ಸೆಮ್ಮೆಸ್ ಇಮೇಲ್‌ಗೆ ಕಳಿಸುವ ಆಪ್ ಹಾಕಿದರೆ ರೋಮಿಂಗ್ ಗೊಡವೆಯೇ ಇಲ್ಲ.

ದುರ್ಗಿಗುಡಿ (ಶಿವಮೊಗ್ಗ)

ಹಿನ್ನೀರು ಅವರೇ, ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ. ಆ ಆಪ್ ನಿಮ್ಮ ಎಲ್ಲ ಎಸ್ಸೆಮ್ಮೆಸ್ ಓದುತ್ತದೆ, ಬ್ಯಾಂಕಿನ ಓಟಿಪಿಯೂ ಸೇರಿ. ಇಮೇಲ್ ಯಾರ ಕೈಗಾದರೂ ಸಿಕ್ಕರೆ ಖಾತೆಯೂ ಸಿಕ್ಕಂತೆ. ಓಟಿಪಿ ಬೇರೆಯವರ ಕೈಗೆ ಹೋಗಿದೆ ಎಂದಾದರೆ ಬ್ಯಾಂಕಿನ ಮುಂದೆ ನಷ್ಟ ಕೇಳುವ ನಿಮ್ಮ ದಾರಿಯೂ ಕಿರಿದಾಗುತ್ತದೆ. ಮೇಲಾಗಿ ಐದು ತಿಂಗಳು ಚಾರ್ಜಿನಲ್ಲೇ ಬಿದ್ದ ಹಳೆಯ ಫೋನಿನ ಬ್ಯಾಟರಿ ಊದುತ್ತದೆ, ಅದನ್ನು ಯಾರೂ ನೋಡದ ಕೋಣೆಯಲ್ಲಿ ಬಿಡುವುದು ಬೆಂಕಿಯ ಅಪಾಯ. ಜುಲೈನಲ್ಲಿ ಕರೆಂಟ್ ಹೋಗಿ ಫೋನ್ ಆಫ್ ಆದರೆ ಮತ್ತೆ ತಾನಾಗಿ ಆನ್ ಆಗುವುದೂ ಇಲ್ಲ. ಸಿಮ್ ನೆಂಟರಿಗೆ ಕೊಟ್ಟು ಓಟಿಪಿ ಓದಿಸುವುದೂ ಇದೇ ಜಾತಿಯದು.

ಐದು ತಿಂಗಳ ಬದಲು ವರ್ಷಕ್ಕೆ ಮೂರು ನಾಲ್ಕು ಸಲ ವಾರದ ಮಟ್ಟಿಗೆ ಹೋಗಿಬರುವವರಿಗೆ ಬೇರೆ ದಾರಿ ಇದೆ: ಏರ್‌ಟೆಲ್ 2025ರಲ್ಲಿ ತಂದ 4,000 ರೂಪಾಯಿಯ ವರ್ಷದ ಪ್ಲಾನ್‌ನಲ್ಲಿ ವಿದೇಶಕ್ಕೆ 5 ಜಿಬಿ ಡೇಟಾ, 100 ನಿಮಿಷ, ಇಲ್ಲಿರುವಾಗ ದಿನಕ್ಕೆ ಒಂದೂವರೆ ಜಿಬಿ ಸೇರಿತ್ತು. ಅಕ್ಕನಿಗೆ ಅದು ಸಾಲುವುದಿಲ್ಲ.

ತೋಟದಂಚು (ತೀರ್ಥಹಳ್ಳಿ ತಾಲ್ಲೂಕು)

ಬಹಳ ಉಪಕಾರವಾಯಿತು. ಇನ್ನೆರಡು ಕೇಳುತ್ತೇನೆ. ಡಿಸೆಂಬರ್‌ನಲ್ಲಿ ಮಗಳು, ಅಳಿಯ ಮೂರು ವಾರಕ್ಕೆ ಬರುತ್ತಾರೆ. ಅವರ ಅಮೆರಿಕದ ನಂಬರ್‌ಗೆ ಬರುವ ಮೆಸೇಜು ನಮ್ಮ ಮನೆಯಲ್ಲಿ ಸಿಗುವುದು ಹೇಗೆ? ಇನ್ನೊಂದು, ನನ್ನ ಫೋನಿನ ಎರಡನೇ ಸಿಮ್ ಜಾಗದಲ್ಲಿ ಮೆಮೊರಿ ಕಾರ್ಡ್ ಇದೆ, ಏನು ಮಾಡಲಿ?

ಸೀತಾನದಿ (ಆಗುಂಬೆ)

ಅಕ್ಕ, ನಿಮ್ಮ ಮನೆಯಲ್ಲಿ ಫೈಬರ್ ಇದೆಯಲ್ಲ, ಅರ್ಧ ಕೆಲಸ ಮುಗಿದಂತೆ. ಮಗಳು ಅಲ್ಲಿಂದ ಹೊರಡುವ ಮೊದಲೇ ಫೋನಿನಲ್ಲಿ ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೇಲೆ ಕರೆ, ಮೆಸೇಜು) ಆನ್ ಮಾಡಿ, ತುರ್ತು ಕರೆಯ ವಿಳಾಸ ತುಂಬಿಸಲಿ. ಇಲ್ಲಿ ಬಂದು ಏರ್‌ಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿದರೆ ಅಮೆರಿಕದ ನಂಬರ್ ಅಲ್ಲೇ ಇದ್ದಂತೆ ನಡೆಯುತ್ತದೆ. ಅಲ್ಲಿನ ನಂಬರ್‌ಗಳಿಗೆ ಕರೆ ಮಾಡಿದರೆ ಅಲ್ಲಿನ ಲೆಕ್ಕ, ಮೆಸೇಜು ಬರುತ್ತದೆ. ಆದರೆ ಅದರಿಂದ ತೀರ್ಥಹಳ್ಳಿಯ ಅಂಗಡಿಗೆ ಫೋನ್ ಮಾಡಿದರೆ ಅದು ಅಂತರರಾಷ್ಟ್ರೀಯ ಕರೆ. ಊರಿನ ಮಾತಿಗೆ ಊರಿನ ಸಿಮ್ ಬೇಕು.

ಅವರ ಐಫೋನ್ 14 ಅಥವಾ ಆಮೇಲಿನದು, ಅಮೆರಿಕದಲ್ಲಿ ಕೊಂಡಿದ್ದು ಎಂದಾದರೆ ಅದರಲ್ಲಿ ಸಿಮ್ ಟ್ರೇಯೇ ಇಲ್ಲ. ಇಲ್ಲಿನ ನಂಬರ್ ಇ-ಸಿಮ್ ಆಗಿಯೇ ಬೇಕು. ಅವರಿಗೆ ಭಾರತದ ಪಾಸ್‌ಪೋರ್ಟ್ ಇದ್ದರೆ ಆಧಾರ್ ಮೇಲೆ ಸುಲಭ. ಎನ್ನಾರೈಗಳು ಇಲ್ಲಿ 182 ದಿನ ವಾಸವಾಗುವ ತನಕ ಕಾಯದೆ ಆಧಾರ್ ಮಾಡಿಸಬಹುದು. ಶಿವಮೊಗ್ಗದಲ್ಲೇ ಕಂಪನಿಯ ಮಳಿಗೆಗೆ ಹೋಗಿ ಮುಗಿಸಿಕೊಂಡು ಬನ್ನಿ. ಘಟ್ಟದ ಮೂಲೆಗೆ ಬಂದ ಮೇಲೆ ಇ-ಸಿಮ್ ಚಾಲೂ ಮಾಡಲು ಮೆಸೇಜ್ ಬರಬೇಕು, ಮೆಸೇಜ್ ಬರಲು ಸಿಗ್ನಲ್ ಇರಬೇಕು, ಅಲ್ಲಿಗೆ ನಿಂತುಬಿಡುತ್ತದೆ.

ಯುಪಿಐಗೆ ಅವರಿಗೆ ಇಲ್ಲಿನ ನಂಬರ್ ಬೇಕೇಬೇಕು ಎಂದಿಲ್ಲ. ಎನ್ನಾರೈಗಳಿಗೆ ಇಲ್ಲಿನ ಬ್ಯಾಂಕು ಕೊಡುವ ಎನ್‌ಆರ್‌ಇ ಅಥವಾ ಎನ್‌ಆರ್‌ಓ ಖಾತೆಗೆ ಜೋಡಿಸಿದ ವಿದೇಶಿ ನಂಬರ್‌ನಿಂದಲೇ ಯುಪಿಐ ನಡೆಸಲು 2023ರ ಜನವರಿಯಲ್ಲಿ ಎನ್‌ಪಿಸಿಐ ಹತ್ತು ದೇಶಗಳಿಗೆ ಅವಕಾಶ ಕೊಟ್ಟಿತು, ಅಮೆರಿಕ ಅದರಲ್ಲಿದೆ. ಬ್ಯಾಂಕು ಆ ಸೌಲಭ್ಯ ಕೊಟ್ಟಿರಬೇಕು ಅಷ್ಟೆ.

ವೈಫೈ ಕಾಲಿಂಗ್ ನಿಮಗೂ ಬೇಕಾದ್ದೇ. ಏರ್‌ಟೆಲ್ 2019ರ ಡಿಸೆಂಬರ್‌ನಿಂದ, ಜಿಯೋ 2020ರ ಜನವರಿಯಿಂದ ಕೊಡುತ್ತಿವೆ, ಬೇರೆ ದುಡ್ಡು ಇಲ್ಲ. ಸಿಮ್ ಸೆಟ್ಟಿಂಗ್‌ನಲ್ಲಿ ಆನ್ ಮಾಡಿ, ‘ವೈಫೈ ಮೇಲೆಯೇ ಮೊದಲು’ ಎಂಬ ಆಯ್ಕೆ ಇದ್ದರೆ ಅದನ್ನೇ ಇಡಿ. ಇಲ್ಲದಿದ್ದರೆ ದಿಬ್ಬದ ಕಡೆಯಿಂದ ಎಳೆಯಷ್ಟು ಸಿಗ್ನಲ್ ಸೋಕಿದರೂ ಫೋನು ಅದಕ್ಕೇ ಜೋತುಬಿದ್ದು ಕರೆ ಕತ್ತರಿಸುತ್ತದೆ. ಎಸ್ಸೆಮ್ಮೆಸ್ಸೂ ವೈಫೈ ಮೇಲೆ ಬರುತ್ತದೆ, ಓಟಿಪಿಗೆ ದಿಬ್ಬ ಹತ್ತುವುದು ತಪ್ಪುತ್ತದೆ. ಕರೆಂಟ್ ಹೋದರೆ ಇದೆಲ್ಲ ಹೋಗುತ್ತದೆ, ಆದ್ದರಿಂದ ಫೈಬರ್ ಪೆಟ್ಟಿಗೆಗೆ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ಕೊಳ್ಳಿ. ಕೊಳ್ಳುವ ಮುಂಚೆ ಪೆಟ್ಟಿಗೆಯ ಅಡಾಪ್ಟರ್ ತಿರುಗಿಸಿ, ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ಓದಿಕೊಳ್ಳಿ. ಯುಪಿಎಸ್‌ನ ಆಂಪಿಯರ್ ಅದಕ್ಕಿಂತ ಕಡಿಮೆ ಇದ್ದರೆ ಪೆಟ್ಟಿಗೆ ಆನ್ ಆಗಿ ಆಫ್ ಆಗುತ್ತಾ ಇರುತ್ತದೆ.

ಕಾಡುಹಾದಿ (ಕೊಪ್ಪ, ಈಗ ಎಡಿಸನ್)

ಮೆಮೊರಿ ಕಾರ್ಡ್ ಬಗ್ಗೆ: ಟ್ರೇ ಹೊರಗೆ ಎಳೆದು ನೋಡಿ. ಮೂರು ಗುಂಡಿ ಇದ್ದರೆ ಎರಡು ಸಿಮ್ಮೂ ಕಾರ್ಡೂ ಒಟ್ಟಿಗೆ ಕೂರುತ್ತವೆ. ಎರಡೇ ಇದ್ದರೆ ಕಾರ್ಡ್ ತೆಗೆಯಲೇಬೇಕು. ತೆಗೆಯುವ ಮುಂಚೆ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿ, ಆಪ್‌ಗಳು ಕಾರ್ಡಿನಲ್ಲಿದ್ದರೆ ಫೋನಿಗೆ ಸರಿಸಿ, ಸೆಟ್ಟಿಂಗ್‌ನಲ್ಲಿ ‘ಅನ್‌ಮೌಂಟ್’ ಕೊಟ್ಟು ಆಮೇಲೆ ಎಳೆಯಿರಿ. ಸಿಮ್ ಪಿನ್ನನ್ನು ಪಾಸ್‌ಪೋರ್ಟ್ ಕವರ್ ಒಳಗೆ ಸೆಲ್ಲೋ ಟೇಪ್ ಹಾಕಿ ಅಂಟಿಸಿಡಿ, ಅಲ್ಲಿ ಇಳಿದ ಮೇಲೆ ಹುಡುಕುವುದು ಅದನ್ನೇ.